ಚಿಕ್ಕಮ್ಮನ ಆರೈಕೆಗೆಂದು ತಿಪಟೂರಿಗೆ ಮರಳಿದ್ದೇನೆ. ನೆರವಿಗೆ ನಿಂತಿರುವವರು ಹಿಂದೆ ನಾನು ಪ್ರೀತಿಸಿದವರು

ಹೊನ್ನವಳ್ಳಿಯ ಮಗಳು (ಪ್ರಶ್ನೆ)

ನಾನು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಗ ನನ್ನ ಹೆತ್ತ ತಾಯಿ ತೀರಿಕೊಂಡರು. ಮುಂದಿನ ವರ್ಷ ತಂದೆಯವರು ಇನ್ನೊಂದು ಮದುವೆ ಮಾಡಿಕೊಂಡರು. ಅಂದಿನಿಂದ ನನಗೆ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳುಹಿಸಿದವರು ಚಿಕ್ಕಮ್ಮ. ಅವರ ಮಗ, ಅಂದರೆ ನನ್ನ ತಮ್ಮ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಂದೆಯವರು ಹೋದ ಮೇಲೂ ಚಿಕ್ಕಮ್ಮ ಊರು ಬಿಡದೆ, ತೆಂಗಿನ ತೋಟವನ್ನೂ ಅಟ್ಟದ ಕಾಯಿಯನ್ನೂ ದನಕರುಗಳನ್ನೂ ಒಬ್ಬರೇ ನೋಡಿಕೊಂಡು ಬಂದರು. ಬಹುಕಾಲದ ಸಕ್ಕರೆ ಕಾಯಿಲೆ ಅವರ ಎರಡೂ ಮೂತ್ರಪಿಂಡಗಳನ್ನು ಕೆಡಿಸಿದೆ. ಕಳೆದ ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರಗಳಂದು ತಿಪಟೂರಿಗೆ ಹೋಗಿ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ.

ನಾನು ಮದುವೆಯಾಗಿ ಪುಣೆ ಸೇರಿದವಳು. ಆ ಮದುವೆ ನ್ಯಾಯಾಲಯದಲ್ಲಿ ಇತ್ಯರ್ಥವಾಗಿ ಮುಗಿದು ವರ್ಷಗಳೇ ಆಗಿವೆ. ಮಗಳು ಅಲ್ಲಿಯೇ ಹಾಸ್ಟೆಲಿನಲ್ಲಿದ್ದುಕೊಂಡು ಪದವಿ ಓದುತ್ತಿದ್ದಾಳೆ. ಪಾಠ ಮಾಡುತ್ತಿದ್ದ ಖಾಸಗಿ ಕಾಲೇಜಿನಿಂದ ಜೂನ್‌ವರೆಗೆ ಸಂಬಳವಿಲ್ಲದ ರಜೆ ಪಡೆದು ಬಂದಿದ್ದೇನೆ. ಬರುವ ತೀರ್ಮಾನಕ್ಕೆ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಚಿಕ್ಕವಳಿದ್ದಾಗ ನನಗೆ ಟೈಫಾಯ್ಡ್ ಬಂದು ಮಲಗಿದ್ದಾಗ, ತಾವೇ ಹಸಿ ಬಾಣಂತಿಯಾಗಿದ್ದ ಚಿಕ್ಕಮ್ಮ ಮಡಿಲಲ್ಲಿ ಕೂಸನ್ನಿಟ್ಟುಕೊಂಡೇ ನನ್ನ ಹಣೆಗೆ ತಣ್ಣೀರಿನ ಪಟ್ಟಿ ಹಾಕುತ್ತಿದ್ದರು.

ತಿಪಟೂರಿನಲ್ಲಿ ಪದವಿ ಓದುವಾಗ ನಾನು ಪಕ್ಕದ ಊರಿನ ಒಬ್ಬರನ್ನು ಪ್ರೀತಿಸಿದ್ದೆ. ಜಾತಿ ಬೇರೆಯಾಗಿತ್ತು. ಅಟ್ಟದಲ್ಲಿ ಕಾಯಿಗಳ ಸಂದಿಯಲ್ಲಿ ನಾನು ಬಚ್ಚಿಟ್ಟಿದ್ದ ಅವರ ಪತ್ರಗಳು, ಕಾಯಿ ಇಳಿಸುವ ದಿನ ಚಿಕ್ಕಮ್ಮನ ಕೈಗೆ ಸಿಕ್ಕವು. ಅವರು ಅವನ್ನು ತಂದೆಯವರ ಮುಂದಿಟ್ಟರು. ಕೆಲವೇ ತಿಂಗಳುಗಳಲ್ಲಿ ಪುಣೆಯ ಸಂಬಂಧ ಕೂಡಿಬಂದು ನನ್ನ ಮದುವೆಯಾಯಿತು.

ಆ ವ್ಯಕ್ತಿ ಈಗ ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅವರ ಪತ್ನಿ ತೀರಿಕೊಂಡಿದ್ದಾರೆ. ದ್ವಿತೀಯ ಪಿಯುಸಿ ಓದುವ ಮಗನಿದ್ದಾನೆ, ವಯಸ್ಸಾದ ತಾಯಿ ಇದ್ದಾರೆ. ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಚಿಕ್ಕಮ್ಮ ಒಂದು ದಿನ ನಿಲ್ದಾಣದ ಬೆಂಚಿನ ಮೇಲೆ ತಲೆ ಸುತ್ತಿ ಒರಗಿದ್ದನ್ನು ಅವರು ಕಂಡು, ತಮ್ಮ ಕಾರಿನಲ್ಲಿ ಮನೆ ಮುಟ್ಟಿಸಿದರಂತೆ. ಆಮೇಲೆ ವಾರದ ಮೂರು ದಿನವೂ ಅವರೇ ಕರೆದೊಯ್ದು ಕರೆತರುತ್ತಿದ್ದಾರೆ. ತಮ್ಮನಿಗೆ ಈ ವಿಷಯ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನು ಊರಿಗೆ ಬಂದ ಮೇಲಿನ ಮೊದಲ ಸೋಮವಾರ, ನಸುಕಿನಲ್ಲಿ ಕಾರು ಬಾಗಿಲ ಮುಂದೆ ನಿಂತಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಚಿಕ್ಕಮ್ಮ ಮಾತ್ರ, "ಹತ್ತಿಕೋ, ಹೊತ್ತಾಗುತ್ತೆ" ಎಂದರು.

ಅವರು ಕಾರು ಓಡಿಸುತ್ತಾರೆ, ನಾನು ಹಿಂದೆ ಚಿಕ್ಕಮ್ಮನ ಪಕ್ಕದಲ್ಲಿ ಕುಳಿತಿರುತ್ತೇನೆ. ಕೊಬ್ಬರಿ ಧಾರಣೆ, ಮಳೆ, ಅವರ ಮಗನ ಓದು, ಇಷ್ಟೇ ಮಾತು. ಆದರೂ ಆ ಮೂರು ದಿನಗಳ ಬೆಳಿಗ್ಗೆ ನಾನು ಸೀರೆ ಆರಿಸುವಾಗ ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ಬೀರುವಿನ ಮುಂದೆ ನಿಲ್ಲುತ್ತಿದ್ದೇನೆ ಎಂಬುದು ನನಗೇ ತಿಳಿಯುತ್ತಿದೆ. ಊರಿನಲ್ಲಿ ಮಾತು ಎದ್ದಿದೆ. ತಮ್ಮ ಮೊನ್ನೆ ಫೋನಿನಲ್ಲಿ, "ಅಕ್ಕ, ನೀನು ಅಮ್ಮನಿಗಾಗಿ ಬಂದೆಯೋ, ತೋಟಕ್ಕಾಗಿ ಬಂದೆಯೋ, ಅವರಿಗಾಗಿ ಬಂದೆಯೋ ಎಂದು ಜನ ಕೇಳುತ್ತಿದ್ದಾರೆ" ಎಂದ. ಜನರ ಹೆಸರಿನಲ್ಲಿ ಅವನೇ ಕೇಳಿದ ಪ್ರಶ್ನೆ ಅದೆಂದು ನನಗೆ ಅನಿಸಿತು.

ಅವರ ಕಾರಿನ ನೆರವನ್ನು ನಾನು ಮುಂದುವರಿಸಬಹುದೇ, ಅಥವಾ ಕೃತಜ್ಞತೆ ಹೇಳಿ ನಿಲ್ಲಿಸಬೇಕೇ? ಹಳೆಯದನ್ನು ಚಿಕ್ಕಮ್ಮನ ಬಳಿ ಈ ಸ್ಥಿತಿಯಲ್ಲಿ ಎತ್ತುವುದು ಸರಿಯೇ? ತಮ್ಮನ ಹೊಣೆಗಾರಿಕೆ ಏನೆಂದು ತಿಳಿದವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಗುಬ್ಬಿಯ ನಿವೃತ್ತ ಶುಶ್ರೂಷಕಿ

ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ, ತಾಯಿ. ಕೊನೆಯ ವರ್ಷಗಳನ್ನು ಡಯಾಲಿಸಿಸ್ ಘಟಕದಲ್ಲಿಯೇ ಕಳೆದೆ. ನೀವು ಕೊನೆಗೆ ಕೇಳಿದ್ದನ್ನು ಬಿಟ್ಟು ಮೊದಲು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಅವರ ನೆರವನ್ನು ನಿಲ್ಲಿಸಬೇಡಿ, ಆದರೆ ಚಿಕಿತ್ಸೆ ಅವರೊಬ್ಬರ ಕಾರನ್ನೇ ನೆಚ್ಚಿಕೊಂಡು ನಡೆಯುವಂತೆಯೂ ಬಿಡಬೇಡಿ. ಮೂತ್ರಪಿಂಡ ಪೂರ್ತಿ ಸೋತವರಿಗೆ ಒಂದು ಪಾಳಿ ತಪ್ಪಿದರೂ ಮೈಯಲ್ಲಿ ನೀರು ನಿಂತು ಉಸಿರು ಕಟ್ಟಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ನಾಳೆ ನಿಮ್ಮಿಬ್ಬರ ನಡುವೆ ಒಂದು ಮನಸ್ತಾಪ ಬಂದರೆ, ಅಥವಾ ಅವರ ಮನೆಯಲ್ಲಿ ಯಾರಾದರೂ ಆಕ್ಷೇಪಿಸಿದರೆ, ಆ ಶುಕ್ರವಾರ ಚಿಕ್ಕಮ್ಮನನ್ನು ಯಾರು ಕರೆದೊಯ್ಯುತ್ತಾರೆ? ಇದರಲ್ಲಿ ಇನ್ನೊಂದು ಮುಖವೂ ಇದೆ. ಚಿಕ್ಕಮ್ಮನ ಜೀವ ಅವರ ಕಾರನ್ನು ನಂಬಿಕೊಂಡಿರುವವರೆಗೆ, ನೀವು ಅವರಿಗೆ ಹೂಂ ಎಂದರೂ ಅದು ಮನಸ್ಸಿನಿಂದ ಬಂದದ್ದೋ ಋಣದಿಂದ ಬಂದದ್ದೋ ನಿಮಗೇ ಗೊತ್ತಾಗುವುದಿಲ್ಲ. ಬೇಡ ಎನ್ನುವ ಧೈರ್ಯವಂತೂ ಬರುವುದೇ ಇಲ್ಲ. ಆದ್ದರಿಂದ ಊರಿನಲ್ಲಿ ಬಾಡಿಗೆಗೆ ಓಡಿಸುವ ಒಬ್ಬ ನಂಬಿಕಸ್ಥ ಚಾಲಕನನ್ನು ಗೊತ್ತು ಮಾಡಿ, ವಾರದಲ್ಲಿ ಎರಡು ದಿನವಾದರೂ ಆ ಗಾಡಿಯಲ್ಲಿಯೇ ಹೋಗಿ. ಉಳಿದ ಒಂದು ದಿನ ಅವರು ಬರಲಿ. ಬಾಡಿಗೆಯನ್ನು ನಿಮ್ಮ ತಮ್ಮ ಕೊಡಲಿ.

ಇನ್ನು ಆರೈಕೆಯ ವಿಷಯ. ತಿಪಟೂರು ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ನಮ್ಮ ಮನೆಗಳಲ್ಲಿ ತೆಂಗು ಇಲ್ಲದ ಅಡುಗೆಯಿಲ್ಲ. ಒಂದು ಲೋಟ ಎಳನೀರಿನಲ್ಲಿ ಸುಮಾರು 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಬಿಡುವುದೇ 2000 ಮಿಲಿಗ್ರಾಂನ ಆಸುಪಾಸು. ಸ್ವಂತ ತೋಟದ ಎಳನೀರು ಕುಡಿದರೆ ತಂಪಾಗುತ್ತದೆ ಎಂದು ನೆಂಟರು ಕೊಚ್ಚಿ ಕೊಟ್ಟು, ಮರುದಿನ ರೋಗಿ ಕೈಕಾಲು ಸೋತು ಬಂದದ್ದನ್ನು ನಾನು ಕಂಡಿದ್ದೇನೆ. ಕೊಬ್ಬರಿ, ಬಾಳೆಹಣ್ಣು, ಹುಣಸೆಹಣ್ಣುಗಳಲ್ಲಿಯೂ ಪೊಟ್ಯಾಸಿಯಂ ಹೆಚ್ಚು. ಸೊಪ್ಪು ತರಕಾರಿಗಳನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ನಾವು ಬಸ್ಸಾರು ಮಾಡುವಾಗ ಅದಕ್ಕೆ ವಿರುದ್ಧವಾದುದನ್ನೇ ಮಾಡುತ್ತೇವೆ: ಬಸಿದ ಕಟ್ಟಿನಲ್ಲಿಯೇ ಸಾರು ಕಾಯಿಸುತ್ತೇವೆ. ಚಿಕ್ಕಮ್ಮನಿಗೆ ಪಲ್ಯವನ್ನು ಅಳತೆಯಲ್ಲಿ ಬಡಿಸಿ, ಆ ಸಾರನ್ನು ಬಡಿಸಬೇಡಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಒಳ್ಳೆಯದೆಂದು ಅದನ್ನು ತರಬೇಡಿ. ಮುದ್ದೆಯ ಗಾತ್ರ ಎಷ್ಟಿರಬೇಕೆಂದು ಘಟಕದ ಪಥ್ಯತಜ್ಞರನ್ನು ಕೇಳಿ.

ಕುಡಿಯುವ ನೀರಿಗೂ ಮಿತಿಯಿದೆ. ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಸುಮಾರು ಅರ್ಧ ಲೀಟರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರ ಪಾಲಿನ ಅಳತೆಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ಪ್ರತಿದಿನ ಬೆಳಿಗ್ಗೆ ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆಯಿಂದ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ತೋಳು ಅವರ ಪಾಲಿಗೆ ಜೀವನಾಡಿ. ದಿನವೂ ಅದರ ಮೇಲೆ ಬೆರಳಿಟ್ಟು ಗುರುಗುಟ್ಟುವಂಥ ಕಂಪನ ಇದೆಯೇ ಎಂದು ನೋಡಬೇಕು. ಕಂಪನ ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ತೋಳಿನಲ್ಲಿ ರಕ್ತದೊತ್ತಡ ನೋಡಿಸಬಾರದು, ರಕ್ತ ತೆಗೆಸಬಾರದು, ಬಿಂದಿಗೆ ಎತ್ತಿಸಬಾರದು. ನಮ್ಮ ಹೆಂಗಸರು ತೊಡುವ ರವಿಕೆಯ ತೋಳು ಬಿಗಿಯಾಗಿರುವುದರಿಂದ, ಆ ಕಡೆಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿ. ಬಸ್ ನಿಲ್ದಾಣದಲ್ಲಿ ತಲೆ ಸುತ್ತಿದ ಸಂಗತಿಯನ್ನು ವೈದ್ಯರಿಗೆ ಹೇಳಿ. ರಕ್ತದೊತ್ತಡದ ಮಾತ್ರೆಯನ್ನು ಡಯಾಲಿಸಿಸ್ ದಿನ ಯಾವ ಹೊತ್ತಿಗೆ ಕೊಡಬೇಕು ಎಂದು ಅವರು ನಿರ್ಧರಿಸಬೇಕು. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಬೇಗ ಕರಗುವುದಿಲ್ಲವಾದ್ದರಿಂದ ಸಕ್ಕರೆ ಇದ್ದಕ್ಕಿದ್ದಂತೆ ಇಳಿದೂ ತಲೆ ಸುತ್ತಬಹುದು, ಅದನ್ನೂ ಪರೀಕ್ಷೆ ಮಾಡಿಸಿ.

ಹಳೆಯ ಮಾತನ್ನು ಎತ್ತಬೇಕೆಂದಿದ್ದರೆ ಡಯಾಲಿಸಿಸ್ ದಿನ ಬೇಡ. ಆ ಸಂಜೆ ಅವರಿಗೆ ಕಣ್ಣು ತೆರೆಯುವುದೇ ಆಯಾಸ. ಮಂಗಳವಾರ ಅಥವಾ ಗುರುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ ಮಾತನಾಡಿ.

ತುಮಕೂರಿನ ವಕೀಲ

ತಮ್ಮನ ಹೊಣೆಯ ಬಗ್ಗೆ ನೀವು ಕೇಳಿದ್ದೀರಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 2(ಡಿ) ಕಲಮಿನಲ್ಲಿ ಹೆತ್ತವರು, ದತ್ತು ಪಡೆದವರು ಮಾತ್ರವಲ್ಲದೆ ಮಲತಂದೆ ಮತ್ತು ಮಲತಾಯಿಯೂ ಪೋಷಕರೆಂದೇ ಸ್ಪಷ್ಟವಾಗಿ ಬರೆದಿದೆ. ಆದ್ದರಿಂದ ನೀವು ಮಾಡುತ್ತಿರುವುದು ಹೊರಗಿನವರೊಬ್ಬರ ಉಪಕಾರವಲ್ಲ. ಕಾನೂನಿನ ದೃಷ್ಟಿಯಲ್ಲಿಯೂ ಅವರು ನಿಮ್ಮ ತಾಯಿಯ ಸ್ಥಾನದಲ್ಲಿದ್ದಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಹೊಣೆಯ ಬಗ್ಗೆಯಂತೂ ಎರಡು ಮಾತಿಲ್ಲ. ಅವನು ಕೈಬಿಟ್ಟರೆ ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ನಿಮ್ಮ ಚಿಕ್ಕಮ್ಮ ಅರ್ಜಿ ಕೊಡಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಮೂಲ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ನೀವು ಬರೆದಿರುವುದನ್ನು ಓದಿದರೆ ಅವನು ಕೈಬಿಟ್ಟವನಂತೆ ಕಾಣುವುದಿಲ್ಲ, ದೂರ ನಿಂತವನಂತೆ ಕಾಣುತ್ತಾನೆ. ಅರ್ಜಿಯ ಮಾತನ್ನು ಈಗಲೇ ತೆಗೆಯದೆ, ವೆಚ್ಚದ ಪಟ್ಟಿಯನ್ನು ತಿಂಗಳಿಗೊಮ್ಮೆ ಅವನಿಗೆ ಕಳುಹಿಸಿ. ಹಿರಿಯರಿಗೆ ಸಂಬಂಧಿಸಿದ ಸಲಹೆಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ತೋಟದ ಮಾತು ಬಂದಿರುವುದರಿಂದ ಅದನ್ನೂ ಬಿಡಿಸಿ ಹೇಳುತ್ತೇನೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಹೆಂಡತಿಗೂ ಮಕ್ಕಳೆಲ್ಲರಿಗೂ ಸಮಪಾಲು. ತಂದೆಯ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ. ತಿದ್ದುಪಡಿ ಬರುವಾಗ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಎಂದರೆ ತೋಟದಲ್ಲಿ ನಿಮ್ಮ ಪಾಲು ತಂದೆಯಿಂದ ಬಂದದ್ದು. ನೀವು ಪುಣೆಯಲ್ಲಿದ್ದರೂ ಅದು ಇತ್ತು. ಇನ್ನು ಚಿಕ್ಕಮ್ಮನ ಪಾಲು, ಅವರು ಉಯಿಲು ಬರೆಯದಿದ್ದರೆ, ಮೊದಲು ಅವರ ಸ್ವಂತ ಮಗನಿಗೆ ಹೋಗುತ್ತದೆ. ನೀವು ಎಷ್ಟು ವರ್ಷ ಆರೈಕೆ ಮಾಡಿದರೂ ಅದರಿಂದ ಅವರ ಪಾಲಿನಲ್ಲಿ ನಿಮಗೆ ಹಕ್ಕು ಹುಟ್ಟುವುದಿಲ್ಲ. ಇದನ್ನು ನಿಮ್ಮ ತಮ್ಮನಿಗೆ ಯಾರಾದರೂ ತಿಳಿಸಿ ಹೇಳಿದರೆ ಅವನ ಅನುಮಾನದ ಅರ್ಧ ಭಾಗ ಹೋಗುತ್ತದೆ. ತಂದೆಯವರ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ, ವಂಶವೃಕ್ಷ ಮಾಡಿಸಿ ಮೂವರೂ ಸೇರಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ. ಚಿಕ್ಕಮ್ಮನಿಂದ ಯಾವುದೇ ಕಾಗದಕ್ಕೆ ಡಯಾಲಿಸಿಸ್ ಆದ ದಿನ ಸಹಿ ಹಾಕಿಸಬೇಡಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ಅವರ ಸ್ಥಿತಿಯೇ ತಕರಾರಿನ ವಿಷಯವಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ನಿಮ್ಮ ವಿಚ್ಛೇದನದ ಡಿಕ್ರಿ ಅಂತಿಮವಾಗಿದೆ, ಅವರ ಪತ್ನಿ ಬದುಕಿಲ್ಲ. ನೀವಿಬ್ಬರೂ ಮದುವೆಯಾಗಲು ಬಯಸಿದರೆ ಕಾನೂನಿನ ಅಡ್ಡಿಯಿಲ್ಲ, ಜಾತಿಯ ಅಡ್ಡಿಯೂ ಇಲ್ಲ.

ತುರುವೇಕೆರೆ ನಿವಾಸಿ

ಮೇಲಿನವರು ಕಾನೂನನ್ನೂ ಔಷಧವನ್ನೂ ಹೇಳಿದರು. ನಾನು ಊರಿನ ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ತಂಗಿ. ಆ ಕಾರು ನಿಮ್ಮ ಬಾಗಿಲಿಗೆ ಬರುವುದನ್ನು ಪೂರ್ತಿ ನಿಲ್ಲಿಸುವುದೇ ಒಳ್ಳೆಯದು. ನೀವು ತಪ್ಪು ಮಾಡುತ್ತಿದ್ದೀರಿ ಎಂದು ನಾನು ಹೇಳುತ್ತಿಲ್ಲ. ನೀವು ಜೂನ್‌ನಲ್ಲಿ ಪುಣೆಗೆ ಹೊರಡಬಹುದು. ಆ ಹುಡುಗ ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರಬೇಕಾದವನು, ಅದೇ ಊರಿನ ಬಸ್ಸಿನಲ್ಲಿ ದಿನವೂ ಓಡಾಡಬೇಕಾದವನು. ಅವನ ಕಿವಿಗೆ ಬೀಳುವ ಮಾತನ್ನು ಯೋಚಿಸಿ. ಚಿಕ್ಕಮ್ಮನನ್ನು ಬೆಂಗಳೂರಿನ ಮಗನ ಮನೆಗೆ ಸೇರಿಸಿದರೆ ಎಲ್ಲ ಸಮಸ್ಯೆಗಳೂ ಒಂದೇ ಏಟಿಗೆ ಪರಿಹಾರವಾಗುತ್ತವೆ: ಮಗ ಹತ್ತಿರವಿರುತ್ತಾನೆ, ದೊಡ್ಡ ಆಸ್ಪತ್ರೆಗಳಿವೆ, ನಿಮ್ಮ ಹೆಸರೂ ಉಳಿಯುತ್ತದೆ.

ಚಿಕ್ಕನಾಯಕನಹಳ್ಳಿ ಸೊಸೆ

ತುರುವೇಕೆರೆಯ ಅಣ್ಣನವರು ಆ ಹುಡುಗನನ್ನು ನೆನೆದದ್ದು ಸರಿ. ಬೇರೆ ಯಾರೂ ಅವನ ವಿಷಯ ಎತ್ತಿರಲಿಲ್ಲ. ಬೆಂಗಳೂರಿನ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಅತ್ತೆಯವರನ್ನು ಹಾಗೆಯೇ ನಗರಕ್ಕೆ ಕರೆದೊಯ್ದಿದ್ದೆವು. ಚಿಕಿತ್ಸೆ ಚೆನ್ನಾಗಿಯೇ ನಡೆಯಿತು, ಆದರೆ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಅವರೊಂದಿಗೆ ಮಾತನಾಡುವವರಿರಲಿಲ್ಲ. ಊರಿನಲ್ಲಿ ಜಗಲಿಗೆ ಬಂದು ಕುಳಿತರೆ ಹೋಗುವವರು ಬರುವವರು ಎರಡು ಮಾತು ಆಡಿ ಹೋಗುತ್ತಾರೆ. ಸರ್ಕಾರಿ ಘಟಕದಲ್ಲಿ ಈಗಿರುವ ಪಾಳಿಯನ್ನು ಬಿಟ್ಟುಕೊಟ್ಟರೆ ಬೆಂಗಳೂರಿನಲ್ಲಿ ಕೂಡಲೇ ಇನ್ನೊಂದು ಸಿಗುತ್ತದೆಂಬ ಖಾತರಿಯಿಲ್ಲ. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಿಪಿಎಲ್ ಕಾರ್ಡ್ ಇರುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತಿರುವ ಚಿಕಿತ್ಸೆ ಇದು, ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಮನೆಯ ಹತ್ತಿರ ಸಿಕ್ಕಿರುವುದನ್ನು ಜನರ ಬಾಯಿಗೆ ಹೆದರಿ ಬಿಡಬಾರದು.

ಅಕ್ಕ, ನಾನು ಬರೆಯಲು ಬಂದದ್ದು ಇದಕ್ಕಲ್ಲ. ನಾನೂ ಒಂದು ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ನನಗೂ ಒಬ್ಬ ಮಲಮಗಳಿದ್ದಾಳೆ. ಆ ಕಡೆಯಿಂದ ನೋಡಿದರೆ ಪತ್ರದ ಸಂಗತಿ ಹೇಗೆ ಕಾಣಬಹುದೆಂದು ನಿಮಗೆ ಹೇಳಬೇಕೆನಿಸಿತು. ಹೆತ್ತ ತಾಯಿ ಮಗಳ ತಪ್ಪನ್ನು ಮುಚ್ಚಿಟ್ಟರೆ ಅದನ್ನು ಮಮತೆ ಎನ್ನುತ್ತಾರೆ. ನಾವು ಮುಚ್ಚಿಟ್ಟರೆ, ಅವಳ ಮಗಳಲ್ಲವಲ್ಲ, ಹಾಳಾದರೆ ಅವಳಿಗೇನು ಎನ್ನುತ್ತಾರೆ. ಬಯಲಿಗೆ ತಂದರೆ, ಮಲತಾಯಿ ನೋಡಿ, ಮಗುವಿನ ಬಾಳಿಗೆ ಕಲ್ಲು ಹಾಕಿದಳು ಎನ್ನುತ್ತಾರೆ. ನನ್ನ ಮಲಮಗಳು ಕಾಲೇಜಿನಿಂದ ಅರ್ಧ ಗಂಟೆ ತಡವಾಗಿ ಬಂದರೂ ಅವಳ ಅತ್ತೆಯಂದಿರು ನನ್ನ ಮುಖ ನೋಡುತ್ತಿದ್ದರು. ನಿಮ್ಮ ಚಿಕ್ಕಮ್ಮ ಮಾಡಿದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಅದರಿಂದ ನೀವು ಕಳೆದುಕೊಂಡದ್ದು ಸಣ್ಣದಲ್ಲ. ಆದರೆ ಅವರಿಂದ ಕ್ಷಮೆ ಕೇಳಿಸಿಕೊಳ್ಳಬೇಕೆಂಬ ನಿರೀಕ್ಷೆಯಿಟ್ಟುಕೊಂಡು ಮಾತಿಗೆ ಕೂರಬೇಡಿ. ಆ ದಿನ ಅವರಿಗೆ ಯಾರ ಭಯವಿತ್ತು ಎಂದು ಕೇಳಿ. ಕಾಯಿಲೆಯವರನ್ನು ನೋಯಿಸಬಾರದೆಂದು ಸುಮ್ಮನಿರುವುದೂ ಒಂದು ದಾರಿ, ಆದರೆ ಆ ಕಾರಿನಲ್ಲಿ ವಾರಕ್ಕೆ ಮೂರು ದಿನ ನಿಮ್ಮಿಬ್ಬರನ್ನೂ ನೋಡುತ್ತ ಕುಳಿತಿರುವವರು ಅವರು. ಅವರ ಮನಸ್ಸಿನಲ್ಲಿ ಅದು ಈಗಾಗಲೇ ಎದ್ದಿರುತ್ತದೆ.

ಹೊನ್ನವಳ್ಳಿಯ ಮಗಳು

ಎಲ್ಲರಿಗೂ ನನ್ನ ನಮಸ್ಕಾರಗಳು. ಉತ್ತರಗಳನ್ನು ಮತ್ತೆ ಮತ್ತೆ ಓದಿದೆ, ಅನಂತರ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಗುರುವಾರ ಬೆಳಿಗ್ಗೆ ಹಿತ್ತಲಿನ ಬಿಸಿಲಿನಲ್ಲಿ ಚಿಕ್ಕಮ್ಮನನ್ನು ಕೂರಿಸಿ, ಫಿಸ್ಟುಲಾ ಇರುವ ಕಡೆಯ ರವಿಕೆಗಳ ತೋಳಿನ ಹೊಲಿಗೆ ಬಿಚ್ಚುತ್ತ, ಪತ್ರಗಳ ಮಾತನ್ನು ಎತ್ತಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಕಾಯಿ ಇಳಿಸುವ ಆಳುಗಳೂ ಆ ದಿನ ಪತ್ರಗಳನ್ನು ನೋಡಿದ್ದರೆಂದು, ಸಂಜೆಯೊಳಗೆ ಹೇಗೂ ತಂದೆಯವರಿಗೆ ಗೊತ್ತಾಗುತ್ತಿತ್ತೆಂದು, ಬೇರೆಯವರ ಬಾಯಿಂದ ತಿಳಿದರೆ ಅವರು ನನ್ನ ಮೇಲೆ ಕೈ ಮಾಡುತ್ತಿದ್ದರೆಂದು ಹೇಳಿದರು. "ಹುಡುಗ ಕೆಟ್ಟವನು ಅಂತ ನಾನು ಆಗಲೂ ಹೇಳಿರಲಿಲ್ಲ, ಯಾರಾದರೂ ನನ್ನ ಕೇಳಿದ್ದರೆ ತಾನೆ" ಎಂದರು. ಇದು ಇಷ್ಟು ವರ್ಷ ನಾನು ಅವರಿಂದ ಬಯಸಿದ್ದ ಮಾತಲ್ಲ. ಆಳುಗಳ ಸಂಗತಿ ನನಗೆ ಗೊತ್ತೇ ಇರಲಿಲ್ಲ. ನನ್ನ ಕೋಪ ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಅದನ್ನು ಈಗ ಅವರೊಬ್ಬರ ಮೇಲೆಯೇ ಹೊರಿಸಲು ನನಗೆ ಮನಸ್ಸು ಬರುತ್ತಿಲ್ಲ. ಮಾತು ಮುಗಿಯುವ ಮೊದಲು ಅವರು ನನ್ನನ್ನು ಕೇಳಿದ್ದು, "ಕಾರಿನ ಪೆಟ್ರೋಲಿಗೆ ದುಡ್ಡು ಕೊಟ್ಟೆಯಾ?" ಎಂದು. ಮೊದಲ ತಿಂಗಳು ತಾವು ಕೊಡಲು ಹೋದಾಗ ಅವರು ತೆಗೆದುಕೊಂಡಿರಲಿಲ್ಲವಂತೆ.

ಗುಬ್ಬಿಯ ಅಮ್ಮನವರ ಸಲಹೆಯಂತೆ ಬಾಡಿಗೆ ಗಾಡಿಯನ್ನು ಬುಧವಾರ, ಶುಕ್ರವಾರಕ್ಕೆ ಗೊತ್ತು ಮಾಡಿದ್ದೇನೆ. ಅದನ್ನು ಇಷ್ಟು ದಿನ ಕಾರು ತರುತ್ತಿದ್ದವರಿಗೆ ತಿಳಿಸುವುದು ನನಗೆ ಕಷ್ಟವಾಯಿತು. ಆಸ್ಪತ್ರೆಯ ಹೊರಗೆ ಹೊಂಗೆಮರದ ಕೆಳಗೆ ಕಾಯುತ್ತಿದ್ದಾಗ ಹೇಳಿದೆ. ಅವರು ಮೊದಲು, "ನಾನು ಕಾರು ತಂದದ್ದು ನಿಮ್ಮ ಚಿಕ್ಕಮ್ಮನಿಗೆ. ನೀನು ಬರುತ್ತೀಯೆಂದು ನನಗೇನು ಗೊತ್ತಿತ್ತು" ಎಂದರು. ನಾನು ಅವರ ನೆರವನ್ನು ಸಂಶಯಿಸುತ್ತಿಲ್ಲ, ಋಣವಿಲ್ಲದೆ ನಿಮ್ಮೊಡನೆ ಮಾತನಾಡಲು ನನಗೆ ಇದು ಬೇಕು ಎಂದೆ. ಅದು ಅವರಿಗೆ ಅರ್ಥವಾಯಿತು. ಕೊಬ್ಬರಿ ಹರಾಜಿನ ದಿನಗಳಲ್ಲಿ ಅವರು ಮಂಡಿಯ ಕೆಲಸ ಬಿಟ್ಟು ಬರುತ್ತಿದ್ದರೆಂಬುದು ಆಗ ನನಗೆ ತಿಳಿಯಿತು; ಒಂದು ವರ್ಷದಲ್ಲಿ ಅವರು ಅದನ್ನು ಯಾರಿಗೂ ಹೇಳಿಲ್ಲ.

ನನಗೆ ಅವರ ಮೇಲೆ ಪ್ರೀತಿಯಿದೆ. ಅದನ್ನು ಅವರಿಗೂ ಹೇಳಿದೆ, ಇಲ್ಲಿಯೂ ಬಚ್ಚಿಡುವುದಿಲ್ಲ. ತುರುವೇಕೆರೆಯ ಅಣ್ಣನವರು ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಮಗನ ಪರೀಕ್ಷೆ ಮುಗಿಯುವವರೆಗೆ ನಮ್ಮಿಬ್ಬರ ವಿಷಯವನ್ನು ಮುಂದಕ್ಕೆ ಒಯ್ಯುವುದು ಬೇಡವೆಂದೂ, ಮುಗಿದ ಮೇಲೆ ಬೇರೆ ಯಾರೂ ಹೇಳುವ ಮೊದಲು ಅವರೇ ಮಗನಿಗೆ, ನಾನೇ ನನ್ನ ಮಗಳಿಗೆ ಹೇಳುವುದೆಂದೂ ಒಪ್ಪಿಕೊಂಡೆವು. ಚಿಕ್ಕಮ್ಮನ ಆರೈಕೆ ಮಾತ್ರ ಆ ಉತ್ತರ ಏನೇ ಬರಲಿ ನಡೆಯುತ್ತದೆ. ಜೂನ್‌ನ ನಂತರವೂ ಇಲ್ಲಿಯೇ ಉಳಿಯಲು ತಿಪಟೂರು, ತುಮಕೂರಿನ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೇನೆ.

ವಕೀಲರು ಬರೆದದ್ದನ್ನು ತಮ್ಮನಿಗೆ ಹಾಗೆಯೇ ಕಳುಹಿಸಿದೆ. ಒಂದು ದಿನ ಉತ್ತರ ಬರಲಿಲ್ಲ. ಮರುದಿನ ಬಾಡಿಗೆಯ ಹಣ ಹಾಕಿದ, ಭಾನುವಾರ ಬಂದು ವಂಶವೃಕ್ಷದ ಅರ್ಜಿಗೆ ನಾಡಕಚೇರಿಗೆ ಬೇಕಾದ ಕಾಗದಗಳನ್ನು ಹೊಂದಿಸಿ ಹೋಗುತ್ತೇನೆಂದ. ಮುಂದಿನ ತಿಂಗಳು ಮಗಳನ್ನು ನೋಡಲು ನಾನು ಕೆಲವು ದಿನ ಪುಣೆಗೆ ಹೋಗಬೇಕಿದೆ. ಆಗ ತಾನೇ ರಜೆ ಹಾಕಿ ಅಮ್ಮನ ಜೊತೆ ಇರುತ್ತೇನೆಂದೂ ಹೇಳಿದ್ದಾನೆ. ಅವನು ಅಡುಗೆ ಮನೆ ಕಂಡವನಲ್ಲ. ಅವನಿಗೆ ಮೊದಲು ಏನನ್ನು ಕಲಿಸಿ ಹೋಗಲಿ, ಅಮ್ಮ?

ಗುಬ್ಬಿಯ ನಿವೃತ್ತ ಶುಶ್ರೂಷಕಿ

ಅಡುಗೆಗೆ ಪಕ್ಕದ ಮನೆಯವರನ್ನು ಒಪ್ಪಿಸಿ, ಯಾವುದನ್ನು ಬಡಿಸಬಾರದು ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿ. ತಮ್ಮನವರಿಗೆ ಭಾನುವಾರವೇ ಫಿಸ್ಟುಲಾದ ಕಂಪನ ನೋಡುವುದನ್ನು, ತೂಕ ಬರೆಯುವುದನ್ನು, ಸಕ್ಕರೆ ಪರೀಕ್ಷಿಸುವುದನ್ನು ತೋರಿಸಿಕೊಡಿ. ನೀವು ಹೊರಡುವ ಮೊದಲು ಒಂದು ಸೋಮವಾರ ಅವರನ್ನೂ ಘಟಕಕ್ಕೆ ಕರೆದೊಯ್ದು ಅಲ್ಲಿನ ಸಿಬ್ಬಂದಿಗೆ ಪರಿಚಯಿಸಿ. ಚಳಿಜ್ವರ, ತೋಳಿನಲ್ಲಿ ಕೆಂಪು ಅಥವಾ ಊತ, ಮಲಗಿದರೆ ಉಸಿರು ಕಟ್ಟುವುದು, ಕೈಕಾಲು ಇದ್ದಕ್ಕಿದ್ದಂತೆ ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಪಾಳಿಗೆ ಕಾಯದೆ ಆಗಲೇ ಹೊರಡಬೇಕೆಂದು ಹೇಳಿಡಿ. ಘಟಕದ ದೂರವಾಣಿ ಸಂಖ್ಯೆಯೂ ಬಾಡಿಗೆ ಗಾಡಿಯವನ ಸಂಖ್ಯೆಯೂ ನಿಮ್ಮದರಲ್ಲಿ, ತಮ್ಮನ ಮೊಬೈಲಿನಲ್ಲಿ, ಸೋಮವಾರ ಕರೆದೊಯ್ಯುವವರ ಮೊಬೈಲಿನಲ್ಲಿ ಇರಲಿ.